ಬೀಳುವ ಮೊದಲೇ ಬರುವ ನಗು

ಗೆಳತಿ ವಿಜೇತಾ ಸಿಡ್ನಿಗೆ ಹೋದ ಮೇಲೂ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಫೋನ್ ಸ್ಪೀಕರಿಗೆ ಹಾಕಿಕೊಂಡು, ಟಿವಿಯಲ್ಲಿ ಬರುವ ಹಳೆಯ ಹಾಲಿವುಡ್ ಕಾಮಿಡಿಗಳನ್ನು ಒಟ್ಟಿಗೇ ನೋಡುತ್ತಿದ್ದೆವು. ಮೆಲ್ಬರ್ನಿನ ಈ ಮನೆಯಲ್ಲಿ ನಾನೊಬ್ಬಳೇ. ಮೂರು ವಾರದಿಂದ ಅವಳ ನಗುವಿನ ಜೊತೆ ಇನ್ನೊಬ್ಬಳ ನಗು ಕೇಳುತ್ತಿತ್ತು. ಪರದೆಯ ಮೇಲೆ ನಟ ಜಾರಿ ಬೀಳುವ ಮೊದಲೇ ಅದು ಬರುತ್ತಿತ್ತು. ಹೊಸ ಗೆಳತಿಯೇ ಇರಬೇಕೆಂದು ಹೊಟ್ಟೆ ಉರಿದರೂ ಡೈರಿಯಲ್ಲಿ ಬರೆದು ಸುಮ್ಮನಿದ್ದೆ. ನಿನ್ನೆ ತಡೆಯಲಾಗಲಿಲ್ಲ.

“ನಿನ್ನ ಹತ್ರ ಕೂತು ನಗುವುದು ಯಾರು?”

“ಇಲ್ಲಿ ಯಾರೂ ಇಲ್ಲ ಮಾರಾಯ್ತಿ. ನಂಗೂ ಆ ನಗು ಕೇಳ್ತಿತ್ತು, ನಿಂಗೇ ಬೇರೆ ಫ್ರೆಂಡ್ ಸಿಕ್ಕಿದ್ದಾಳೆ ಅಂತ ನಾನು ಮುಖ ಊದಿಸ್ಕೊಂಡು ಕೂತಿದ್ದೆ.”

ಫೋನ್ ಇಟ್ಟರೆ ನಗು ನಿಲ್ಲುತ್ತದೋ ನೋಡೋಣ ಎಂದುಕೊಂಡು ಇಟ್ಟೆವು. ನಾನು ಟಿವಿಯನ್ನೂ ಆರಿಸಿದೆ. ಎರಡೇ ನಿಮಿಷಕ್ಕೆ ಅವಳ ಮೆಸೇಜ್ ಬಂತು: “ನಗು ನಿಂತಿತು.”

ನನ್ನ ಸೋಫಾದ ಆ ತುದಿಯಲ್ಲಿ ಇನ್ನೂ ನಿಂತಿರಲಿಲ್ಲ.