ಕಿತ್ತಳೆ ಕನ್ನಡಕ

ಹಲ್ಲಿಗೆ ತುಂಬಿದ ಸಿಮೆಂಟು ಎರಡನೇ ಸಲವೂ ಪುಡಿಯಾಗಿ ಚಿತ್ರಾನ್ನದ ಜೊತೆ ಹೊಟ್ಟೆಗೆ ಹೋದಾಗ, ಇಡೀ ದೊಡ್ಡಬಳ್ಳಾಪುರ ನನ್ನ ಮೇಲೆ ಮುರಿದುಕೊಂಡು ಬಿತ್ತು.

ನಾನು ಹಲ್ಲಿನಲ್ಲಿ ದಾರ ಕಡಿದೆ ಎಂಬುದು ಡಾಕ್ಟರ್ ಕೀರ್ತನಳ ತೀರ್ಮಾನ. ಐವತ್ತು ವರ್ಷ ಮಗ್ಗದ ಮುಂದೆ ಕೂತವಳು ನಾನು. ಎಳೆ ತುಂಡಾದರೆ ಗಂಟು ಹಾಕಿ, ಉಳಿದ ತುದಿಯನ್ನು ಕೋರೆಹಲ್ಲಿನ ಪಕ್ಕದಲ್ಲಿ ಕಟಕ್ಕೆಂದು ಕಡಿಯುವುದು ನಮಗೆಲ್ಲ ಉಸಿರಾಡಿದ ಹಾಗೆ. ನಾನು ಕಡಿದ ರೇಷ್ಮೆಯನ್ನು ಒಟ್ಟು ಮಾಡಿದರೆ ನಂದಿಬೆಟ್ಟಕ್ಕೆ ಏಳು ಸುತ್ತು ಬರುತ್ತದೆ. ಆದರೆ ಈ ಹಲ್ಲು ತುಂಬಿಸಿಕೊಂಡ ಮೇಲೆ ಒಂದೆಳೆಯನ್ನೂ ಮುಟ್ಟಿಲ್ಲ. ಚೌಡೇಶ್ವರಿ ಮೇಲೆ ಆಣೆ ಇಟ್ಟರೂ ನಂಬುವವರಿಲ್ಲ.

ಆ ಸಿಮೆಂಟು ಚೌಡೇಶ ಅನ್ನುವ ಹುಡುಗನ ಕೂಸು. ಊರಾಚೆಯ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಅರೆದು, ಕಲಸಿ ಮಾಡಿದ್ದು. ಹಲ್ಲಿನೊಳಗೆ ಮೆತ್ತಗೆ ಹೋಗಿ, ನೀಲಿ ಬೆಳಕು ಬಿದ್ದ ಇಪ್ಪತ್ತು ಸೆಕೆಂಡಿಗೆ ಕಲ್ಲಾಗುತ್ತದೆ. ಪರೀಕ್ಷೆಗೆಂದು ಹನ್ನೆರಡು ಜನ ಒಪ್ಪಿ ರುಜು ಹಾಕಿದ್ದೆವು. ಅದರಲ್ಲಿ ಏಳು ಜನರದು ಉದುರಿತ್ತು. ಇನ್ನೊಂದು ಬಿದ್ದರೆ ಆ ಮಿಶ್ರಣವನ್ನು ಕಸಕ್ಕೆ ಹಾಕಿ, ಅವನನ್ನು ಪುಣೆಗೆ ಕಳಿಸುತ್ತಾರಂತೆ. ಹುಡುಗನ ಮುಖ ಮೂರು ದಿನದ ಮುದ್ದೆಯಾಗಿತ್ತು.

ಅವನು ಕ್ಲಿನಿಕ್ಕಿಗೆ ಬಂದಾಗಲೆಲ್ಲ ಕಿಟಕಿಯ ಹತ್ತಿರ ನೋಟ್‌ಬುಕ್ ಹಿಡಿದು ನಿಲ್ಲುವನು. ಡಾಕ್ಟರಮ್ಮ ನೋಡಿದರೆ ಅವನು ನೋಟ್‌ಬುಕ್ ನೋಡುವನು. ಅವನು ತಲೆ ಎತ್ತಿದರೆ ಅವಳು ನನ್ನ ಒಸಡು ನೋಡುವಳು. ಆರು ತಿಂಗಳಿಂದ ಇದೇ ಅತ್ತಿಂದಿತ್ತ ಲಾಳಿಯಾಟ. ಬಾಯಿ ತೆರೆದು ಮಲಗಿದ್ದ ನನಗೆ ಇಬ್ಬರ ತಲೆಯನ್ನೂ ಹಿಡಿದು ಕುಟ್ಟಬೇಕು ಅನಿಸುತ್ತಿತ್ತು.

ಅದೇ ಸಿಮೆಂಟು ತುಂಬಿಸಿಕೊಂಡ ಪಕ್ಕದ ಮನೆ ಅನಿತಳ ಹಲ್ಲು ಮಾತ್ರ ಬಂಡೆಯ ಹಾಗಿತ್ತು. ಹೊಟ್ಟೆಯುರಿಯಿಂದ ವಿಚಾರಿಸಿದೆ. ಅವಳಿಗೆ ತುಂಬಿದ ದಿನ ಚೌಡೇಶ್ ಬಂದಿರಲಿಲ್ಲವಂತೆ. ಡಾಕ್ಟರಮ್ಮ ಕಿತ್ತಳೆ ಬಣ್ಣದ ದೊಡ್ಡ ಕನ್ನಡಕ ಹಾಕಿಕೊಂಡಿದ್ದರಂತೆ. ನನಗೂ ಅಂಥದ್ದೇ ಒಂದನ್ನು ತೊಡಿಸುತ್ತಿದ್ದಳು. ಅವಳು ತೊಟ್ಟಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

ಮೂರನೇ ಸಲ ಕುರ್ಚಿಯಲ್ಲಿ ಮಲಗಿದಾಗ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ದಾರವೊಂದೇ ಅಲ್ಲ, ಮಿಶ್ರಣದಲ್ಲೂ ಏನೋ ಕಮ್ಮಿ ಎಂದಳು ಅವಳು. ಕಮ್ಮಿಯಿಲ್ಲ, ಅಜ್ಜಿಯ ದಾರವೇ ಕಾರಣ ಎಂದ ಅವನು. ನನ್ನ ಬಾಯಲ್ಲಿ ಹತ್ತಿ ಇತ್ತು, ಇಲ್ಲದಿದ್ದರೆ ಕಚ್ಚಿಬಿಡುತ್ತಿದ್ದೆ.

ನೀಲಿ ಬೆಳಕು ಹತ್ತಿತು. ಮೊದಲು ಹಲ್ಲು ಬೆಚ್ಚಗಾಯಿತು. ಎಂಟು ಎಣಿಸುವಷ್ಟರಲ್ಲಿ ಹಲ್ಲು ತಣ್ಣಗಾಗಿ ತುಟಿ ಬೆಚ್ಚಗಾಯಿತು. ಕಣ್ಣೆತ್ತಿ ನೋಡಿದರೆ, ಅವಳ ಕಣ್ಣು ಕಿಟಕಿಯ ಕಡೆ. ಅವಳ ಕೈ ಹಿಡಿದು, ಹತ್ತಿ ಉಗಿದೆ.

"ಬೆಳಕನ್ನ ಹಲ್ಲಿಗೆ ಬಿಡು ತಾಯಿ. ನನ್ನ ತುಟಿ ಗಟ್ಟಿ ಮಾಡ್ಕೊಂಡು ಏನ್ಮಾಡ್ತೀಯ?"

ಅವಳು ದೀಪ ಆರಿಸಿದಳು. ಚೌಡೇಶ್ ಹತ್ತಿರ ಬಂದು ಟೇಬಲ್ಲಿನ ಮೇಲಿದ್ದ ಕನ್ನಡಕ ನೋಡಿದ.

"ಇದನ್ನ ಯಾಕೆ ಹಾಕ್ಕೊಂಡಿಲ್ಲ ಡಾಕ್ಟ್ರೆ? ಬರಿಗಣ್ಣಲ್ಲಿ ಆ ಬೆಳಕು ನೋಡೋಕಾಗಲ್ಲ. ಮುಖ ತಿರುಗಿಸಿದ್ರೆ ಕೈ ಜರುಗೇ ಜರುಗುತ್ತೆ, ಸಿಮೆಂಟು ಹಸಿಯಾಗೇ ಉಳಿಯುತ್ತೆ."

"ಮೊದಲ್ನೇ ದಿನ ನೀವೇ ಅಂದ್ರಲ್ಲ, ವೆಲ್ಡಿಂಗ್ ಅಂಗಡಿ ಓನರ್ ಥರ ಇದೀರ ಅಂತ."

"ಅಯ್ಯೋ, ಅದು ತಮಾಷೆಗೆ."

"ನಿಮಗೆ ತಮಾಷೆ. ನೀವು ಬರೋ ದಿನ ತೆಗೆದಿಡ್ತಿದ್ದೆ."

ನಾಲ್ಕು ವರ್ಷದ ದುಡಿಮೆ ಅವನ ಒಂದು ಕೊಂಕಿಗೆ ಉದುರಿತ್ತು. ನನಗೆ ಸುಮ್ಮನಿರಲಾಗಲಿಲ್ಲ.

"ಮುಖ ತಿರುಗಿಸೋದಿದ್ರೆ ಈ ಕಡೆ ಗೋಡೇನೂ ಇತ್ತಲ್ಲವ್ವ," ಎಂದೆ.

ಅವಳು ಕೆಂಪಾದಳು ನೋಡಿ, ಆ ಬಣ್ಣದಲ್ಲಿ ಹತ್ತು ಸೀರೆ ಅದ್ದಬಹುದಿತ್ತು. ಕೊನೆಗೆ ನನ್ನ ಹಲ್ಲನ್ನೇ ನೋಡುತ್ತ ಹೇಳಿದಳು.

"ನಿಮ್ಮ ಆಫೀಸಿಗೆ ನಾನೇ ಬರ್ದು ಕೊಡ್ತೀನಿ. ಮಿಶ್ರಣದ ತಪ್ಪಲ್ಲ, ನನ್ನ ಕೈ ಜರುಗಿದ್ದು ಅಂತ."

"ನಿಮ್ಮ ಹೆಸರು ಕೆಡುತ್ತೆ. ಕೈ ಯಾಕೆ ಜರುಗ್ತು ಅಂತಾನೂ ಕೇಳ್ತಾರೆ."

"ನೀವು ಕಿಟಕಿ ಹತ್ರ ನಿಂತಿದ್ರಿ ಅಂತ ಬರೀತೀನಿ."

ಚೌಡೇಶನ ನೋಟ್‌ಬುಕ್ ಕೆಳಗೆ ಬಿತ್ತು. ಅದನ್ನು ಎತ್ತಲೂ ಇಲ್ಲ. ಕನ್ನಡಕವನ್ನು ಅಂಗಿಯಲ್ಲಿ ಒರೆಸಿ, ತಾನೇ ಅವಳ ಕಿವಿಗೆ ಸಿಕ್ಕಿಸಿದ. ಸಿಕ್ಕಿಸುವಾಗ ಕಿವಿಯ ಹತ್ತಿರ ಬೆರಳು ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.

"ಇನ್ನೊಂದ್ಸಲ ಹೇಳ್ಲಾ, ಹೆಂಗೆ ಕಾಣ್ತೀರ ಅಂತ?"

"ಮೊದ್ಲು ಅಜ್ಜಿ ಹಲ್ಲು."

ಹಾಕಿದ್ದನ್ನೆಲ್ಲ ಕೆರೆದು, ತೆಳ್ಳಗೆ ಪದರ ಪದರವಾಗಿ ಮತ್ತೆ ತುಂಬಿದಳು. ಅವನು ಕಿಟಕಿ ಬಿಟ್ಟು ನನ್ನ ತಲೆಯ ಹತ್ತಿರ ಬಂದು ನಿಂತ. ಬೆಳಕು ಇಪ್ಪತ್ತು ಸೆಕೆಂಡೂ ಹಲ್ಲಿನಿಂದ ಎಳ್ಳಷ್ಟೂ ಅಲ್ಲಾಡಲಿಲ್ಲ.

ಉಳಿದ ಆರು ಜನರಿಗೂ ಮತ್ತೆ ತುಂಬಿದಳು. ಒಂದೂ ಬೀಳಲಿಲ್ಲ. ಪುಣೆಯ ಮಾತೂ ಬಿದ್ದುಹೋಯಿತು.

ಮೊನ್ನೆ ಅವಳ ಧಾರೆ ಸೀರೆ ನಮ್ಮ ಮಗ್ಗದಲ್ಲೇ ಇಳಿಯಿತು. ಕೊನೆಯ ಗಂಟು ನಾನೇ ಹಾಕಿದೆ. ತುದಿಯನ್ನು ಅದೇ ಹಲ್ಲಿನಲ್ಲಿ ಕಟಕ್ಕೆಂದು ಕಡಿದೆ. ಡಾಕ್ಟರಮ್ಮನಿಗೆ ಇನ್ನೂ ಹೇಳಿಲ್ಲ.