ಅವನು ಕುಡಿಯದ ಹಸಿರು ಪುಡಿ

ಅವನಿಗೆ ಯಾವ ಪೋಷಕಾಂಶದ ಕೊರತೆಯೂ ಇರಲಿಲ್ಲ. ಧೈರ್ಯವೊಂದು ಇರಲಿಲ್ಲ.

ತಾನು ಕೆಲಸ ಮಾಡುವ ಎದುರಿನ ಕನ್ನಡಕದ ಅಂಗಡಿಯಿಂದ ರಸ್ತೆ ದಾಟಿ ಬಂದವನು, ಆರೋಗ್ಯದ ಪುಡಿ ಮಾರುವ ಕೌಂಟರಿನಲ್ಲಿದ್ದ ಅವಳ ಕಣ್ಣು ನೋಡಿ ಚಿಲ್ಲರೆ ಕೇಳುವುದನ್ನೇ ಮರೆತ. ಕೈಗೆ ಸಿಕ್ಕ ಡಬ್ಬಿ ಎತ್ತಿಕೊಂಡ.

"ಅದು ಹಸಿರು ಪುಡಿ. ಪಾಲಕ್, ಗೋಧಿ ಹುಲ್ಲು ಎಲ್ಲಾ ಇದೆ. ನೀವು ಮಾತ್ರೆ ಏನಾದ್ರೂ ತಗೋತೀರಾ?"

"ನಾನಾ? ಇಲ್ಲ."

ಆಮೇಲೆ ವಾರಕ್ಕೊಂದು ಡಬ್ಬಿ.

"ಹುಲ್ಲು ಮೇದ ಹಾಗೆ ಅನ್ಸಲ್ವಾ?" ಅವಳು ಕೆಣಕುತ್ತಿದ್ದಳು.

"ರೂಢಿ ಆಯ್ತು."

ಎಷ್ಟು ಶ್ರದ್ಧೆ ಇವನಿಗೆ... ಸಂಜೆಯಾದರೆ ರಸ್ತೆಯಾಚೆ ನೋಡುವುದು ಅವಳಿಗೂ ರೂಢಿಯಾಗಿತ್ತು.

ಒಂದು ಬೆಳಗ್ಗೆ ಅವನು ಓಡಿ ಬಂದ. ಕಾಲಲ್ಲಿ ಬೇರೆ ಬೇರೆ ಚಪ್ಪಲಿ.

"ಈ ಪುಡಿಯಿಂದ ರಕ್ತ ಹೆಪ್ಪುಗಟ್ಟುತ್ತಾ?"

"ಯಾಕ್ರೀ, ಏನಾಯ್ತು?"

"ಅಮ್ಮಂಗೆ ಪಾರ್ಶ್ವವಾಯು! ಹಿಂದೆ ಹೃದಯದ ಆಪರೇಷನ್ ಆಗಿದೆ, ರಕ್ತ ತೆಳು ಮಾಡೋ ಮಾತ್ರೆ ತಗೋತಾಳೆ. ಪುಡಿ ಕುಡಿದು ಮಾತ್ರೆ ಕೆಲಸ ಮಾಡಿಲ್ಲ ಅಂದ್ರು ಡಾಕ್ಟರು."

ಅವಳು ಕೌಂಟರ್ ದಾಟಿ ಹೊರಗೆ ಬಂದಳು.

"ಅಂಥವ್ರು ಕುಡೀಲೇಬಾರ್ದು, ಸೊಪ್ಪಲ್ಲಿರೋ ವಿಟಮಿನ್ ಕೆ ಆ ಮಾತ್ರೆಗೆ ಅಡ್ಡ ಬರುತ್ತೆ! ಅದಕ್ಕೇ ಮಾತ್ರೆ ವಿಷಯ ಕೇಳಿದ್ದು! ಕುಡಿಯೋದು ನೀವಲ್ವಾ?"

"ಒಂದು ಲೋಟಾನೂ ಕುಡಿದಿಲ್ಲ! ಅಡುಗೆಮನೇಲಿ ಇಟ್ಟುಬಿಡ್ತಿದ್ದೆ. ದಂಡ ಆಗುತ್ತೆ ಅಂತ ಅಮ್ಮನೇ ದಿನಾ..."

"ಮತ್ತೆ ಯಾಕ್ರೀ ತಗೊಂಡ್ರಿ?" ಅವಳು ಕಿರುಚಿದಳು.

"ನಿಮ್ಮನ್ನ ನೋಡೋಕೆ!"

ಇಬ್ಬರೂ ಬೆಚ್ಚಿಬಿದ್ದರು. ಎಷ್ಟೋ ಸಂಜೆ ಅವಳು ಕಾದಿದ್ದ ಮಾತು. ಬಂದದ್ದು ಹೀಗೆ, ಇವತ್ತು...

ಅವಳು ಶಟರ್ ಎಳೆದಳು. "ನಡೀರಿ ಆಸ್ಪತ್ರೆಗೆ."

"ಪುಡಿ ಅಂಗಡಿಯವರು," ಎಂದ ಅವನು, ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ತಲೆ ತಗ್ಗಿಸಿ.

ತಾಯಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಸೊಟ್ಟಗಾಗಿದ್ದ ಬಾಯಿಂದ ಮಾತು ತೊದಲುತ್ತ ಬಂತು. "ಓ... ಇದಕ್ಕಾ ಡಬ್ಬಿ? ದಡ್ಡ... ಇವನು ಬಾಯಿ ಬಿಡೋಕೆ... ನಾನು ಬೀಳ್ಬೇಕಾಯ್ತು."

ಅವನು ಮಗುವಿನಂತೆ ಅತ್ತ. ಅವಳು ಅವನ ಕೈ ಹಿಡಿದಳು.

"ನನ್ನ ಮೇಲೆ ಕೋಪ ಇಲ್ವಾ?" ಅವನು ಅವಳನ್ನು ಕೇಳಿದ.

"ಇದೆ. ತುಂಬಾ ಇದೆ. ಇನ್ಮೇಲೆ ಬರಿಗೈಲಿ ಬನ್ನಿ."

"ಬರ್ಲಾ?"

"ಬನ್ನಿ ಅಂದೆನಲ್ಲಾ..."

ತಾಯಿ ಬದುಕಿದಳು. ಮಾತು ಮರಳಿತು. ಎಡಗೈಯ ಮೂರು ಬೆರಳುಗಳಿಗೆ ಜೀವ ಮರಳಲಿಲ್ಲ.