ಗೊಂಬೆಯ ಮುಂದಿನ ಕಾಫಿ

ಶಾಟ್‌ನಿಂದ ಶಾಟ್‌ಗೆ ವಸ್ತುಗಳು ಬದಲಾಗದಂತೆ ನೋಡಿಕೊಳ್ಳುವುದು ಸಿನಿಮಾದಲ್ಲಿ ನನ್ನ ಕೆಲಸ. ಕಥೆಯಲ್ಲಿ ವಿಷದ ಕಾಫಿಯಿಂದ ಕೊಲೆಯಾದವನ ಕುರ್ಚಿಯಲ್ಲಿ ಮೇಣದ ಗೊಂಬೆ ಕೂರಿಸಿ, ಮುಂದೆ ತುಂಬಿದ ಕಾಫಿ ಲೋಟ ಇಟ್ಟಿದ್ದೆ. ತೂಕಡಿಕೆ ತರುವಂಥ ಮಧ್ಯಾಹ್ನ. ಲೋಟವನ್ನು ಯಾರೂ ಮುಟ್ಟಲಿಲ್ಲ, ನಾನೇ ನೋಡುತ್ತಿದ್ದೆ.

ಸಂಜೆ ಎಡಿಟರಣ್ಣ ಕರೆದು ತೋರಿಸಿದ. "ಇಲ್ಲಿ ತುಂಬಿದೆ, ಇಲ್ಲಿ ಅರ್ಧ, ಇಲ್ಲಿ ಖಾಲಿ. ಒಂದು ಗುಟುಕಿಗೇ ಸತ್ತವನು ಪೂರ್ತಿ ಹೇಗಮ್ಮ ಕುಡ್ದ? ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ಯಾ? ನಿನ್ನ ಕೆಲಸ ಹೋಗುತ್ತೆ."

"ನಾಳೆ ಮತ್ತೆ ತೆಗೆಯೋಣ ಅಣ್ಣ."

ಬೆಳಿಗ್ಗೆ ಸೆಟ್ಟಿನ ಬೀಗ ತೆಗೆದು ಒಳಗೆ ಹೋದೆ. ಕೋಣೆಯ ತುಂಬ ಬಿಸಿ ಕಾಫಿಯ ಘಮ ಹಿತವಾಗಿ ತೇಲುತ್ತಿತ್ತು. ನನ್ನ ಫ್ಲಾಸ್ಕಿನ ಮುಚ್ಚಳವನ್ನು ನಾನಿನ್ನೂ ತೆರೆದಿರಲಿಲ್ಲ. ರಾತ್ರಿ ಗೊಂಬೆಗೆ ಹೊದಿಸಿದ್ದ ಮುಸುಕನ್ನು ಮೆಲ್ಲನೆ ಸರಿಸಿದೆ.

ಮೀಸೆಯಂಚಿನ ನೊರೆ ಇನ್ನೂ ಆರಿರಲಿಲ್ಲ.